ಅಂದಂದಿನ ಕಾಯಕ

ಅಮರೇಶ್ವರದ ಮಾರಯ್ಯನೂ ಆತನ ಧರ್ಮಪತ್ನಿ ಲಕ್ಕಮ್ಮನೂ ಕಲ್ಯಾಣಪಟ್ಟಣಕ್ಕೆ ಬಂದು ನೆಲಸಿದ ಮೇಲೆ ಕೈಕೊಂಡ ಕಾಯಕವು ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದಾಗಿತ್ತು. ಆದುದರಿಂದಲೇ ಆತನಿಗೆ ಆಯ್ದಕ್ಕಿ ಮಾರಯ್ಯನೆಂಬ ಹೆಸರು ನಿಂತಿತು. ಆತನು ತಂದ ಅಕ್ಕಿಯನ್ನು ಲಕ್ಕಮ್ಮನು ಅಟ್ಟು ಜಂಗಮದಾಸೋಹವನ್ನು ನಡೆಸುತ್ತಿದ್ದಳು. ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಅನುಭಾವದ ಮಾತುಗಳನ್ನು ಆಲಿಸುತ್ತ ಕುಳಿತುಬಿಟ್ಟನು. ಹೊತ್ತೇರಿದುದು ಆತನ ಅರಿವಿಗೆ ಬರಲಿಲ್ಲ. ಆಗ ಲಕ್ಕಮ್ಮನೇ ಬಂದು, ಕಾಯಕವು ನಿಂತುಹೋಗಿರುವುದನ್ನು ಗಂಡನಿಗೆ ನೆನಪಿಸಿ, ಒಡನೆ ಎದ್ದು ಹೋಗುವಂತೆ ಹೇಳಿದಳು. ಮಾರಯ್ಯನು ಎಚ್ಚತ್ತು ಬಸವಣ್ಣನವರ ಮಹಾಮನೆಯ ಅಂಗಳಕ್ಕೆ ಹೋಗಿ, ಅಂದು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಕಂಡು ಸಂತೋಷಪಡಲಿಲ್ಲ. ದಿನದ ಅಳತೆಗೆ ಮೀರಿದುದು ಈಶ್ವರನಿಗೆ ಒಪ್ಪತಕ್ಕುದಲ್ಲವೆಂದು ತಿಳಿಸಿ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಮಾಡಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗವು ವಿಸ್ತಾರವಾಗಿ ಬಂದಿದೆ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಉತ್ತರಭಾಗವನ್ನು, ಎಂದರೆ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದ ಭಾಗವನ್ನು, ನಿರಾಶೆಯೆಂಬ ಗುಣಕ್ಕೆ ದೃಷ್ಟಾಂತವಾಗಿ ಎತ್ತಿಕೊಂಡು ಪೂರ್ವಭಾಗವನ್ನು ಕೈಬಿಡುವುದುಂಟು. ಆದರೆ ಪೂರ್ವಭಾಗದಲ್ಲಿಯೂ ವಿಚಾರಿಸತಕ್ಕ ಅಂಶವೊಂದಿದೆ. ಮಾರಯ್ಯನು ಸೋಮಾರಿಯಾಗಿ ಮಲಗಿರಲಿಲ್ಲ. ಹರಟೆಯಲ್ಲಿ ಕಾಲವನ್ನು ಕಳೆಯುತ್ತಿರಲಿಲ್ಲ. ಲೋಕದಲ್ಲಿ ಯಾವುದು ಅತ್ಯುತ್ತಮವೆಂದು ಶರಣರು ಬಗೆದಿದ್ದರೋ ಅದರಲ್ಲಿಯೇ ಆತನ ಮನಸ್ಸು ತೊಡಗಿದ್ದಿತು. ಕೆಟ್ಟುದು ಬಂದು ಕೆಲಸವನ್ನು ಕೆಡಿಸಿದರೆ ಮನುಷ್ಯನು ಬೇಗ ಗುರುತಿಸುವನು. ಒಳ್ಳೆಯದೇ ಬಂದು ಕೆಡಿಸಿದಾಗ ಗುರುತಿಸುವುದು ಕಠಿಣ. ಒಂದೇ ದಿನದಲ್ಲಿ ಮಾರಯ್ಯನು ಎರಡು ಬಗೆಯಾಗಿ ತಪ್ಪಿದನು: ಮೊದಲು ಕಾಯಕವನ್ನು ಮರೆತನು, ನೆನಪಾದ ಮೇಲೆ, ಮರೆತುದನ್ನು ತುಂಬಿಕೊಡುವ ಆತುರದಿಂದಲೋ ಏನೋ, ಅಳತೆಯನ್ನು ಮೀರಿದನು. ಮರೆವು ಮತ್ತು ಅತಿ ಎಂಬ ಈ ಎರಡು ದೋಷಗಳು ಒಂದರ ಬೆನ್ನಿಗೆ ಒಂದು ಬರುವುವೆಂಬುದು ಕಥೆಯ ಮರ್ಮವಾಗಿದೆ.

ಕಲ್ಯಾಣದ ಈ ವೃತ್ತಾಂತವು ಹನ್ನೆರಡನೆಯ ಶತಮಾನಕ್ಕೆ ಸೇರಿದುದು. ಇಂದಿನ ಗೃಹಸ್ಥನಿಗೆ ಅಕ್ಕಿಯನ್ನು ಆಯುವ ಒಂದೇ ಕಾಯಕವಲ್ಲ, ದಿನಕ್ಕೆ ಹತ್ತಾರು ಕಾರ್ಯಗಳು. ಅವುಗಳನ್ನು ಮರೆಯದೆ, ಅತಿಯಾಗದೆ, ಕ್ರಮದಿಂದ ನಡೆಸುವುದು ಹೇಗೆಂಬುದೇ ಈ ಪಾಠದ ವಿಷಯ. ವಿಷಯವು ಬರಿಯ ತತ್ತ್ವವಾಗಿ ಉಳಿಯಬಾರದೆಂದರೆ ಒಂದು ಊರನ್ನೂ ಒಂದು ಮನೆಯನ್ನೂ ಕಣ್ಣ ಮುಂದೆ ಇರಿಸಿಕೊಳ್ಳುವುದು ಒಳಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಕುಕ್ ಟೌನ್ ಎಂಬ ಬಡಾವಣೆಯಿದೆ. ದಂಡಿನ ಪುರಸಭೆಯ ಅಧ್ಯಕ್ಷನಾಗಿದ್ದ ಜಿ. ಎಚ್. ಕುಕ್ ಎಂಬಾತನ ಹೆಸರನ್ನು ಹೊತ್ತ ಈ ಬಡಾವಣೆಗೆ ಸರ್ವಜ್ಞನಗರವೆಂಬ ಹೆಸರೂ ಉಂಟು. ವಿಧಾನಸಭಾ ಕ್ಷೇತ್ರವು ಈ ಎರಡನೆಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಮನೆಯಿಲ್ಲದೆ ಮಠವಿಲ್ಲದೆ ಸಂಚರಿಸಿ, ಕಂಡುದನ್ನೆಲ್ಲ ನಾಲಗೆಯ ಮೇಲೆಯೇ ಹೊತ್ತು ನಡೆದ ತ್ರಿಪದಿಯ ಕವಿಯ ಹೆಸರು, ಗಡಿಯಾರವನ್ನು ನೋಡಿ ನಡೆಯುವ ಸರಕಾರಿ ಬಡಾವಣೆಗೆ ಬಂದುದು ಸೋಜಿಗವೇ ಸರಿ. ಜೋಲಾರಪೇಟೆಯಿಂದ ದಂಡಿಗೆ 1864ರಲ್ಲಿ ಬಂದ ರೈಲುದಾರಿಯು ಈ ಬಡಾವಣೆಯ ಮಗ್ಗುಲಲ್ಲಿಯೇ ಹಾದುಹೋಗುವುದು. ಸೇನೆಯ ಕಹಳೆ, ರೈಲಿನ ವೇಳಾಪಟ್ಟಿ, ಕಾರಖಾನೆಯ ಕೂಗು ಇವುಗಳಿಂದ ದಂಡಿನ ಜನರು ಗಳಿಗೆಯ ಲೆಕ್ಕವನ್ನು ಬಿಟ್ಟು ಗಂಟೆಯ ಲೆಕ್ಕವನ್ನು ಕಲಿತರು. ಈಗ ಕಹಳೆಯೂ ಕೂಗೂ ಪ್ರತಿಯೊಬ್ಬನ ಅಂಗಿಯ ಜೇಬಿನಲ್ಲಿಯೇ ಇರುವುವು.

ಅಂತಹ ಬಡಾವಣೆಯಲ್ಲಿ ಒಬ್ಬ ಗೃಹಸ್ಥನಿರುವನೆಂದು ದೃಷ್ಟಾಂತಕ್ಕಾಗಿ ಭಾವಿಸಬಹುದು. ಮಿಲ್ಟನ್ ಬೀದಿಯ ಉದ್ಯಾನಕ್ಕೆ ಅನತಿದೂರದಲ್ಲಿ ಮನೆ. ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಉದ್ಯೋಗ. ಹೆಂಡತಿ, ಓದುವ ಮಗಳು, ವೃದ್ಧಳಾದ ತಾಯಿ. ತಂದೆಯು ರೈಲ್ವೆಯಲ್ಲಿ ದುಡಿದು ತೀರಿಕೊಂಡವನಾದುದರಿಂದ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿರುವುದು. ಪ್ರಾತಃಕಾಲದಲ್ಲಿ ಲಿಂಗಪೂಜೆಯನ್ನು ಬಿಡದವನು. ಬಾಡಿಗೆ, ಸಾಲ, ಕೊಟ್ಟ ಮಾತು ಯಾವುದನ್ನೂ ಬೇಕೆಂದು ತಪ್ಪಿಸಿದವನಲ್ಲ. ಇವನ ಮೊಬೈಲಿನಲ್ಲಿ ಮಾಡತಕ್ಕ ಕೆಲಸಗಳ ಪಟ್ಟಿಯೊಂದಿದ್ದು ಅದರಲ್ಲಿ ನೂರನಲವತ್ತಕ್ಕೆ ಮೇಲ್ಪಟ್ಟ ಬಾಬುಗಳು. ಅವುಗಳಿಗೆ ಕೆಂಪು, ಹಳದಿ, ಹಸುರು ಬಣ್ಣಗಳು. ಕಾರ್ಯಕ್ರಮಪಾಲನೆಯನ್ನು ಬೋಧಿಸುವ ಪುಸ್ತಕಗಳನ್ನು ಓದುವುದೆಂದರೆ ಇವನಿಗೆ ಪ್ರೀತಿ. ಹೊಸ ಪದ್ಧತಿ ಕಂಡಾಗಲೆಲ್ಲ ಒಂದು ಭಾನುವಾರವನ್ನು ಕಳೆದು ಹಳೆಯ ಪಟ್ಟಿಯನ್ನು ಹೊಸ ಕ್ರಮಕ್ಕೆ ತರುವನು.

ಪಿಂಚಣಿಯನ್ನು ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ತಾವು ಜೀವಂತರಾಗಿರುವೆವೆಂಬ ಪ್ರಮಾಣಪತ್ರವನ್ನು ಒಪ್ಪಿಸಬೇಕಷ್ಟೆ. ತಾಯಿಯು ನವೆಂಬರ್ ಮೊದಲ ವಾರದಲ್ಲಿ ಕೇಳಿದಳು:

"ಬ್ಯಾಂಕಿಗೆ ಯಾವತ್ತು ಹೋಗೋಣಪ್ಪಾ?"

"ಬರೆದುಕೊಂಡಿದ್ದೇನಮ್ಮಾ" ಎಂದನು ಮಗ.

ಎರಡನೆಯ ವಾರದಲ್ಲಿ ಮತ್ತೆ ಕೇಳಿದಳು. ಅದೇ ಉತ್ತರ. ಆ ಮಾತು ಸುಳ್ಳಾಗಿರಲಿಲ್ಲ. ಪಟ್ಟಿಯ ಅರುವತ್ತೇಳನೆಯ ಬಾಬು "ಅಮ್ಮನ ಪಿಂಚಣಿ" ಎಂದೇ ಇದ್ದಿತು. ಮೂರನೆಯ ಸಲ ಕೇಳಲು ಆ ಮುದುಕಿಗೆ ಸಂಕೋಚವಾಯಿತು. ಡಿಸೆಂಬರಿನಲ್ಲಿ ಪಿಂಚಣಿಯು ಬರಲಿಲ್ಲ. ಪ್ರಮಾಣಪತ್ರವನ್ನು ಕೊಟ್ಟ ಮೇಲೆ ನಿಂತ ಹಣವು ಬಾಕಿಯೊಡನೆ ಬರುವುದೆಂಬುದನ್ನು ಆಕೆಗೆ ತಿಳಿಸಿದವರಿಲ್ಲ. ಮಗನಲ್ಲಿ ಕೈಚಾಚಬಾರದೆಂದು ಆಕೆ ರಕ್ತದೊತ್ತಡದ ಗುಳಿಗೆಯನ್ನು ಎರಡು ತುಂಡು ಮಾಡಿ, ದಿನಕ್ಕೆ ಅರ್ಧದಂತೆ ನುಂಗುತ್ತ ಹದಿನೈದು ದಿನಗಳನ್ನು ಕಳೆದಳು. ಒಂದು ಬೆಳಿಗ್ಗೆ ತಲೆ ಸುತ್ತಿ ಬಚ್ಚಲಿನ ಹೊಸ್ತಿಲಲ್ಲಿ ಕುಸಿದಾಗ, ದಿಂಬಿನ ಕೆಳಗೆ ಕಾಗದದಲ್ಲಿ ಸುತ್ತಿಟ್ಟಿದ್ದ ಅರ್ಧ ಗುಳಿಗೆಗಳು ಮೊಮ್ಮಗಳ ಕೈಗೆ ಸಿಕ್ಕಿದುವು.

ಈ ಗೃಹಸ್ಥನಲ್ಲಿ ಪಟ್ಟಿಯಿರಲಿಲ್ಲವೆ? ಇದ್ದಿತು. ಭಕ್ತಿಯಿರಲಿಲ್ಲವೆ? ಇದ್ದಿತು. ತಾಯಿಯ ಮೇಲೆ ಪ್ರೀತಿಯಿರಲಿಲ್ಲವೆಂದು ಯಾರೂ ಹೇಳಲಾರರು. ಹಾಗಾದರೆ ಕೊರತೆಯು ಎಲ್ಲಿದ್ದಿತೆಂಬುದನ್ನು ಪರಿಶೀಲಿಸಬೇಕು.

ಬರೆದಿಡುವುದು ತಪ್ಪೆಂದು ಯಾರೂ ತಿಳಿಯಬಾರದು. ಬರೆದಿಡದೆ ಮನಸ್ಸಿನಲ್ಲಿಯೇ ಎಲ್ಲವನ್ನೂ ಹೊರುವವನ ಅವಸ್ಥೆಯು ಇನ್ನೂ ಕಷ್ಟ. ಮುಗಿಯದ ಕೆಲಸವು ಮನಸ್ಸನ್ನು ಬಿಡದೆ ಕಾಡುವುದೆಂಬುದನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆಯು ಬರ್ಲಿನ್ನಿನಲ್ಲಿ ಪರೀಕ್ಷಿಸಿ 1927ರಲ್ಲಿ ಪ್ರಕಟಿಸಿದಳು. ಮುಗಿದುದಕ್ಕಿಂತ ಅರ್ಧಕ್ಕೆ ನಿಂತುದೇ ಹೆಚ್ಚಾಗಿ ನೆನಪಿನಲ್ಲಿ ಉಳಿಯುವುದೆಂದು ಆಕೆಗೆ ಕಂಡಿತು. ಮುಂದಿನವರ ಪರೀಕ್ಷೆಗಳಲ್ಲಿ ಈ ಫಲವು ಎಲ್ಲೆಡೆಯೂ ಒಂದೇ ತೆರನಾಗಿ ದೊರೆಯಲಿಲ್ಲವೆಂಬುದನ್ನೂ ಹೇಳಬೇಕು. ಅದಕ್ಕಿಂತ ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಅಮೆರಿಕದ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬಿಬ್ಬರು 2011ರಲ್ಲಿ ಪ್ರಕಟಿಸಿದ ಶೋಧನೆ. ಮುಗಿಯದ ಕಾರ್ಯವು ಬೇರೆಯ ಕೆಲಸದ ನಡುವೆ ಮನಸ್ಸಿಗೆ ನುಗ್ಗಿ ಬರುವುದನ್ನು ತಡೆಯಲು ಆ ಕಾರ್ಯವನ್ನು ಮುಗಿಸಿಯೇ ತೀರಬೇಕೆಂದಿಲ್ಲ. ಅದನ್ನು ಎಂದು, ಎಲ್ಲಿ, ಹೇಗೆ ಮಾಡುವೆನೆಂಬ ಸ್ಪಷ್ಟ ನಿಶ್ಚಯವೊಂದನ್ನು ಮಾಡಿಕೊಂಡರೆ ಮನಸ್ಸು ಬಹುಮಟ್ಟಿಗೆ ಶಾಂತವಾಗುವುದು. ಬರಿಯ ಹೆಸರನ್ನು ಬರೆದುಕೊಳ್ಳುವುದು ಇಂತಹ ನಿಶ್ಚಯವಾಗಲಾರದು.

ತರ್ಕಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ಪಾಠವು ನೆನಪಾಗಬೇಕು. ಪದಗಳ ಸಮೂಹವು ವಾಕ್ಯವಾಗಿ ಅರ್ಥವನ್ನು ಕೊಡಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಇರಬೇಕೆಂದು ನೈಯಾಯಿಕರು ಹೇಳುವರು. ನಾಲ್ಕು ಪ್ರಾಣಿಗಳ ಹೆಸರನ್ನು ಒಂದರ ಹಿಂದೆ ಒಂದು ಉಚ್ಚರಿಸಿದರೆ ವಾಕ್ಯವಾಗದು. ಒಂದು ಪದವು ಮತ್ತೊಂದನ್ನು ಬಯಸುವ ಆಕಾಂಕ್ಷೆಯು ಅಲ್ಲಿಲ್ಲ. ಬೆಂಕಿಯಿಂದ ಗಿಡಕ್ಕೆ ನೀರೆರೆಯೆಂದರೆ ಯೋಗ್ಯತೆಯಿಲ್ಲ. ಒಂದು ಪದವನ್ನು ಈಗ ಹೇಳಿ ಮುಂದಿನದನ್ನು ಒಂದು ಜಾವದ ಮೇಲೆ ಹೇಳಿದರೆ ಸನ್ನಿಧಿಯಿಲ್ಲ. "ಅಮ್ಮನ ಪಿಂಚಣಿ", "ಮಗಳ ಶಾಲೆ", "ಮಠ", "ಮೂಲೆಯ ನಲ್ಲಿ" ಎಂದು ನಾಮಪದಗಳನ್ನೇ ಸಾಲಾಗಿ ಜೋಡಿಸಿದ ಪಟ್ಟಿಯು ಪ್ರಾಣಿಗಳ ಹೆಸರಿನ ಸಾಲಿನಂತೆಯೇ ನಿರರ್ಥಕ. "ಮಂಗಳವಾರ ಹತ್ತು ಗಂಟೆಗೆ ಅಮ್ಮನನ್ನು ಆಟೋದಲ್ಲಿ ಕರೆದುಕೊಂಡು ಆಧಾರ್ ಚೀಟಿಯೊಡನೆ ಬ್ಯಾಂಕಿಗೆ ಹೋಗುವುದು" ಎಂದು ಬರೆದಾಗ ಅಲ್ಲಿ ಕ್ರಿಯೆಯಿದೆ. ಮಂಗಳವಾರ ರಜೆಯು ದೊರೆಯುವುದಾದರೆ ಯೋಗ್ಯತೆಯಿದೆ. ದಿನವು ಹತ್ತಿರದಲ್ಲಿದ್ದರೆ ಸನ್ನಿಧಿಯಿದೆ. ಕ್ರಿಯಾಪದವಿಲ್ಲದ ಬಾಬನ್ನು ಪಟ್ಟಿಗೆ ಸೇರಿಸಬಾರದೆಂಬ ಒಂದು ನೇಮವನ್ನು ಹಿಡಿದರೆ ಅರ್ಧದಷ್ಟು ತೊಡಕುಗಳು ತಾವಾಗಿ ಬಿಡುವುವು.

ಇನ್ನು ಎಲ್ಲಿ ಬರೆಯಬೇಕು? ಇದಕ್ಕೆ ಪರದೇಶದ ಪುಸ್ತಕಗಳನ್ನೇ ಹುಡುಕಬೇಕಾದುದಿಲ್ಲ. ಕನ್ನಡನಾಡಿನ ಅಂಗಡಿಗಳಲ್ಲಿಯೂ ಮಠಗಳಲ್ಲಿಯೂ ಹಿಂದೆ ಕಡತವೆಂಬ ಸಾಧನವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಒಣಗಿಸಿ, ಕಪ್ಪು ಹಲಗೆಯಂತೆ ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದಿತು. ಶೃಂಗೇರಿಯ ಮಠದಲ್ಲಿ ಇಂತಹ ಕಡತಗಳ ದೊಡ್ಡ ಸಂಗ್ರಹವೇ ಇದೆ. ಇಂದು ಕಚೇರಿಯಲ್ಲಿ ಕಡತವೆಂದರೆ ಒರಸಲಾಗದ ಕಾಗದದ ಕಟ್ಟು. ಆ ಪದದ ಅರ್ಥವು ಹೀಗೆ ತಿರುಗಿದುದರಲ್ಲಿ ಆಡಳಿತದ ಚರಿತ್ರೆಯೇ ಅಡಗಿದೆಯೆಂದರೂ ಸಲ್ಲುವುದು. ಅದಿರಲಿ, ಅಂಗಡಿಯ ಶೆಟ್ಟರು ಇನ್ನೊಂದು ವಿವೇಕವನ್ನೂ ಬಲ್ಲವರಾಗಿದ್ದರು. ಅವರಲ್ಲಿ ಕಿರ್ದಿಯೆಂಬುದು ಬೇರೆ, ಖಾತೆಯೆಂಬುದು ಬೇರೆ. ಕಿರ್ದಿಯಲ್ಲಿ ಅಂದಿನ ಕೊಡುಕೊಳೆಯು ಬಂದ ಬಂದಂತೆ, ಯಾವ ವಿಂಗಡಣೆಯೂ ಇಲ್ಲದೆ ಒಂದೇ ಸಾಲಿನಲ್ಲಿ ದಾಖಲಾಗುವುದು. ದೀಪ ಹಚ್ಚುವ ಹೊತ್ತಿಗೆ ಅದನ್ನು ಆಯಾ ವ್ಯಕ್ತಿಯ ಖಾತೆಗೆ ಏರಿಸುವರು. ಬರುವಾಗಲೇ ವಿಂಗಡಿಸಹೊರಟರೆ ವ್ಯಾಪಾರವು ನಿಲ್ಲುವುದು; ಎಂದೂ ವಿಂಗಡಿಸದಿದ್ದರೆ ಯಾರಿಂದ ಬರಬೇಕು, ಯಾರಿಗೆ ಕೊಡಬೇಕೆಂಬುದೇ ತಿಳಿಯದು. ಗೃಹಕೃತ್ಯಕ್ಕೂ ಈ ಕ್ರಮವೇ ಸಾಕು. ಹಗಲೆಲ್ಲ ನೆನಪಾದುದನ್ನೂ ಇತರರು ಹೇಳಿದುದನ್ನೂ ಒಂದೇ ಒಂದು ಪುಸ್ತಕದಲ್ಲಿ, ಅಥವಾ ಮೊಬೈಲಿನ ಒಂದೇ ಒಂದು ಪುಟದಲ್ಲಿ, ಆ ಕ್ಷಣವೇ ಗುರುತು ಹಾಕಬೇಕು. ಸಂಜೆಗೆ ಅದನ್ನು ಖಾತೆಗೆ ಏರಿಸಬೇಕು. ಅಡಿಗೆಮನೆಯ ಗೋಡೆಯ ಪಂಚಾಂಗದಲ್ಲಿ ಹಾಲಿನ ಲೆಕ್ಕವನ್ನೂ ಗ್ಯಾಸ್ ಬಂದ ದಿನವನ್ನೂ ಪೆನ್ಸಿಲಿನಿಂದ ಗುರುತಿಸುವ ಗೃಹಿಣಿಯು ಯಾವ ಪುಸ್ತಕವನ್ನೂ ಓದದೆ ಈ ವಿದ್ಯೆಯನ್ನು ಸಾಧಿಸಿರುವಳು.

ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತಿದ್ದ ಬಸವಣ್ಣನವರ ಮೇಲೆ ಹಣವನ್ನು ಜಂಗಮರಿಗೆ ವೆಚ್ಚಮಾಡಿದರೆಂಬ ದೂರು ಹುಟ್ಟಿದಾಗ, ಎಣಿಸಿ ನೋಡಲಾಗಿ ಏನೂ ಕಡಮೆಯಾಗಿರಲಿಲ್ಲವೆಂದು ಪುರಾಣದ ಕಥೆ. ಪುರಾಣವು ಇದನ್ನು ಮಹಿಮೆಯೆಂದು ಕೊಂಡಾಡುವುದು. ಲೆಕ್ಕವನ್ನು ಬರೆಯುವ ಉದ್ಯೋಗದವರು ಇದರಲ್ಲಿ ಇನ್ನೂ ಒಂದನ್ನು ಕಾಣಬಹುದು: ಅರಸನು ಕೇಳಿದ ಗಳಿಗೆಯಲ್ಲಿಯೇ ತೋರಿಸಲು ಲೆಕ್ಕವು ಸಿದ್ಧವಾಗಿದ್ದಿತು.

ಖಾತೆಗಳ ಶಿರೋನಾಮೆಗಳನ್ನು ಹೇಗೆ ಮಾಡಬೇಕೆಂಬುದಕ್ಕೂ ಶರಣಸಾಹಿತ್ಯದಲ್ಲಿಯೇ ಮಾರ್ಗವಿದೆ. ಶರಣರು ಆಡಿದ ವಚನಗಳು ಬಿಡಿಬಿಡಿಯಾದುವು. ಆಯಾ ಸಂದರ್ಭದಲ್ಲಿ ಹೊಮ್ಮಿದುವು. ಒಂದು ರೀತಿಯಲ್ಲಿ ಅವೂ ಕಿರ್ದಿಯಂತೆಯೇ. ಅವುಗಳನ್ನು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳ ಮತ್ತು ಅವುಗಳ ಒಳಭೇದಗಳ ಕ್ರಮದಲ್ಲಿ ಜೋಡಿಸುವ ಕಾರ್ಯವನ್ನು ಹದಿನೈದನೆಯ ಶತಮಾನದಿಂದ ಮುಂದೆ ಅನೇಕ ವಿರಕ್ತರೂ ವಿದ್ವಾಂಸರೂ ಕೈಕೊಂಡರು. ಇದಕ್ಕೆ ಸ್ಥಲಕಟ್ಟು ಎಂದು ಹೆಸರು. ಪ್ರೌಢದೇವರಾಯನ ಕಾಲದ ಜಕ್ಕಣಾರ್ಯನು ನೂರೊಂದು ಸ್ಥಲಗಳಲ್ಲಿ ವಚನಗಳನ್ನು ಕೂಡಿಸಿದನು. ವಚನವು ಯಾವ ಸ್ಥಲದಲ್ಲಿ ನಿಲ್ಲುವುದೋ ಅದರ ಮೇಲೆ ಅದರ ಅರ್ಥವು ತೆರೆಯುವುದು. ಹಾಗೆಯೇ ಒಂದು ಕೆಲಸವು ಯಾವ ಖಾತೆಯಲ್ಲಿ ನಿಲ್ಲುವುದೋ ಅದರ ಮೇಲೆ ಅದರ ಹೊಣೆಯು ತಿಳಿಯುವುದು.

ಕಾಲಾಂತರದಲ್ಲಿ ಈ ಜೋಡಣೆಯ ಕಾಯಕವನ್ನು ಮತ್ತೆ ಎತ್ತಿಕೊಂಡವರು ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಯನ್ನು ನಡೆಸುತ್ತ, ಹಳ್ಳಿಗಳ ಅಟ್ಟಗಳಲ್ಲಿ ಹೊಗೆ ಹಿಡಿದು ಬಿದ್ದಿದ್ದ ತಾಡವೋಲೆಯ ಕಟ್ಟುಗಳನ್ನು ಅವರು ಒಂದೊಂದಾಗಿ ಕೂಡಿಹಾಕಿದರು. 1923ರಲ್ಲಿ ಅವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಬೆಳಗಾವಿಯ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದರಲ್ಲಿ ವಚನಗಳನ್ನು ವಿಷಯಾನುಕ್ರಮವಾಗಿ ಜೋಡಿಸಿರುವುದರಿಂದ, ಓಲೆಯ ಕಟ್ಟನ್ನು ಬಿಚ್ಚಲರಿಯದ ಗೃಹಸ್ಥನೂ ತನಗೆ ಬೇಕಾದುದನ್ನು ಹುಡುಕಿಕೊಳ್ಳುವಂತಾಯಿತು. ಬಳಿಕ 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುದ್ರಣಾಲಯಕ್ಕಾಗಿ ವಾಸದ ಮನೆಯನ್ನೇ ಮಾರಿದರು. ಇದರ ನಡುವೆ ಸಹಕಾರಿ ಬ್ಯಾಂಕು, ವಿದ್ಯಾಸಂಸ್ಥೆ, ವಾರಪತ್ರಿಕೆ ಇವುಗಳೂ ಅವರ ಕೈಯಿಂದ ಎದ್ದುವು. 1964ರಲ್ಲಿ ಲಿಂಗೈಕ್ಯರಾಗುವವರೆಗೆ ಈ ಕಾರ್ಯವು ನಿಲ್ಲಲಿಲ್ಲ. ಅವರ ಜನ್ಮದಿನವಾದ ಜುಲೈ 2ನ್ನು ವಚನಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುವರು. ಇಷ್ಟನ್ನು ಮಾಡಿದವರಲ್ಲಿ ಜೋಡಣೆಯು ಎಂದೂ ಜೋಡಣೆಗಾಗಿ ಇರಲಿಲ್ಲವೆಂಬುದೇ ಗಮನಿಸತಕ್ಕ ಅಂಶ. ಓದುವವನೊಬ್ಬನು ಎಲ್ಲಿಯೋ ಕಾದಿರುವನೆಂಬ ಎಚ್ಚರದಿಂದ ಅವರು ಜೋಡಿಸಿದರು. ಜೋಡಿಸಿದುದನ್ನು ಅಚ್ಚುಮಾಡಿ ಅವನ ಕೈಗೆ ಮುಟ್ಟಿಸಿದರು.

ಕುಕ್ ಟೌನಿನ ಗೃಹಸ್ಥನ ಭಾನುವಾರಗಳಿಗೂ ಇದಕ್ಕೂ ಇರುವ ಅಂತರವು ಈಗ ಸ್ಪಷ್ಟವಾಗುವುದು. ಪಟ್ಟಿಗೆ ಬಣ್ಣವನ್ನು ಹಚ್ಚುವಾಗ, ಹೊಸ ಪದ್ಧತಿಯನ್ನು ಓದುವಾಗ, ಕೆಲಸ ಮಾಡಿದ ತೃಪ್ತಿಯು ಅವನಿಗೆ ಉಂಟಾಗುತ್ತಿದ್ದಿತು. ಮಾರಯ್ಯನು ಗೋಷ್ಠಿಯಲ್ಲಿ ಕುಳಿತಂತೆಯೇ ಇದು. ಕಾಯಕದ ವಿಚಾರವನ್ನು ಕೇಳುತ್ತ ಕೇಳುತ್ತ ಕಾಯಕವೇ ನಿಂತಿತು. ಮಾರಯ್ಯನಿಗಾದರೋ ಲಕ್ಕಮ್ಮನಿದ್ದಳು. ಇವನಲ್ಲಿಯೂ ಎರಡು ಸಲ ನೆನಪಿಸಿದ ತಾಯಿಯೊಬ್ಬಳಿದ್ದಳು. ಬರೆದುಕೊಂಡಿದ್ದೇನೆಂಬ ಉತ್ತರವು ಆ ತಾಯಿಯ ಬಾಯನ್ನು ಕಟ್ಟಿತು. ಇಂದಿನ ಯಂತ್ರವು ಹೊತ್ತುಹೊತ್ತಿಗೆ ಗಂಟೆಯನ್ನು ಬಾರಿಸಬಲ್ಲುದು. ಅದರ ಗಂಟೆಯನ್ನು ಒಂದು ಬೆರಳಿನಿಂದ ಆರಿಸಲೂಬಹುದು. ಲಕ್ಕಮ್ಮನನ್ನು ಹಾಗೆ ಆರಿಸಲು ಮಾರಯ್ಯನಿಗೆ ಸಾಧ್ಯವಿರಲಿಲ್ಲ.

ಇಲ್ಲಿ ಒಂದು ಶಂಕೆಯು ಏಳಬಹುದು. ನುಲಿಯ ಚಂದಯ್ಯನ ಕಥೆಯು ಇದಕ್ಕೆ ವಿರುದ್ಧವಲ್ಲವೆ? ಚಂದಯ್ಯನು ಹಗ್ಗಕ್ಕೆ ಬೇಕಾದ ಹುಲ್ಲನ್ನು ಕೊಯ್ಯುತ್ತಿದ್ದಾಗ ಕೊರಳಿನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಆತನು ಅದನ್ನು ಎತ್ತಿಕೊಳ್ಳಲು ನಿಲ್ಲದೆ ಕಾಯಕವನ್ನು ಮುಂದುವರಿಸಿದನು. ಲಿಂಗವೇ ಆತನ ಹಿಂದೆ ಬರಬೇಕಾಯಿತು. ಕಡೆಗೆ ಮಡಿವಾಳ ಮಾಚಯ್ಯನ ಮಾತಿನಿಂದ ಆತನು ಲಿಂಗವನ್ನು ಒಪ್ಪಿಕೊಂಡರೂ ಅದಕ್ಕೂ ಹಗ್ಗವನ್ನು ಮಾರಿ ಬರುವ ಕಾಯಕವನ್ನು ಹಚ್ಚಿದನು. ಬಸವಣ್ಣನವರು ಹಗ್ಗಕ್ಕೆ ಸಲ್ಲುವುದಕ್ಕಿಂತ ಬಹಳ ಹೆಚ್ಚಿನ ಹೊನ್ನನ್ನು ಕೊಟ್ಟಾಗ ಅದನ್ನು ಸ್ವೀಕರಿಸಲೂ ಇಲ್ಲ. ಲಿಂಗವೇ ಕರೆದರೂ ಕೈಯ ಕೆಲಸವನ್ನು ನಿಲ್ಲಿಸಬಾರದೆಂದು ಈ ಕಥೆಯು ಹೇಳುವುದಾದರೆ, ತಾಯಿಯು ಕರೆದಾಗ ಕಚೇರಿಯ ಕೆಲಸದಲ್ಲಿ ಮುಳುಗಿದ್ದ ಮಗನು ತಪ್ಪಿದುದು ಹೇಗೆ?

ಶಂಕೆಯು ನ್ಯಾಯವಾದುದೇ. ಆದರೆ ಚಂದಯ್ಯನು ಏತಕ್ಕಾಗಿ ನಿಲ್ಲಲಿಲ್ಲವೆಂಬುದನ್ನು ನೋಡಬೇಕು. ಹಗ್ಗವು ಮಾರಾಟವಾದರೆ ತಾನೇ ಅಂದಿನ ಜಂಗಮರಿಗೆ ಪ್ರಸಾದ? ಉಣಲು ಕಾದಿರುವವರಿದ್ದರು. ನೀರಿನಲ್ಲಿ ಬಿದ್ದ ಲಿಂಗಕ್ಕೆ ಹಸಿವಿಲ್ಲ. ಬಾಗಿಲಿಗೆ ಬಂದ ಜಂಗಮನಿಗೆ ಹಸಿವುಂಟು. ಆತನ ನಿಷ್ಠೆಯು ಹುಲ್ಲಿಗೂ ಅಲ್ಲ, ಹಗ್ಗಕ್ಕೂ ಅಲ್ಲ. ಕಾದಿರುವ ಆ ಜೀವಕ್ಕೆ. ದಾಸೋಹದಿಂದ ಬೇರ್ಪಡಿಸಿದ ಕೂಡಲೆ ಕಾಯಕವು ಬರಿಯ ದುಡಿಮೆಯಾಗುವುದು. ಆದುದರಿಂದ ಕೆಲಸಗಳಲ್ಲಿ ಮೊದಲು ಯಾವುದು, ಬಳಿಕ ಯಾವುದೆಂದು ತೂಗುವಾಗ ತುರ್ತು, ಮುಖ್ಯ ಎಂಬ ಎರಡು ಮಾತುಗಳು ಸಾಲವು. ಕೂಗುವವನ ಕೆಲಸವೆಲ್ಲ ತುರ್ತಾಗಿ ತೋರುವುದು, ದೊಡ್ಡವನ ಕೆಲಸವೆಲ್ಲ ಮುಖ್ಯವಾಗಿ ತೋರುವುದು. ಪ್ರತಿಯೊಂದು ಬಾಬಿನ ಎದುರಿಗೆ, ಇದಕ್ಕಾಗಿ ಕಾದಿರುವವರು ಯಾರೆಂದು ಒಂದು ಹೆಸರನ್ನು ಬರೆಯಬೇಕು. ಹಾಗೆ ಬರೆಯಹೊರಟರೆ ಕೆಲವು ಬಾಬುಗಳ ಎದುರಿಗೆ ಬರೆಯಲು ಯಾವ ಹೆಸರೂ ದೊರೆಯದು. ಅವುಗಳಲ್ಲಿ ಬಹುಪಾಲನ್ನು ಕಡತದಂತೆ ಒರಸಿಬಿಡಬಹುದು. ಕೆಲವಕ್ಕೆ ತನ್ನ ಹೆಸರೇ ಬರುವುದು. ನಡಿಗೆ, ಓದು, ನಿದ್ರೆ ಇವುಗಳಿಗೆ ದೇಹವೇ ಕಾದಿರುವುದರಿಂದ ಅದೂ ಸಲ್ಲುವುದೇ. ಕಾಯವಿಲ್ಲದೆ ಕಾಯಕವೆಲ್ಲಿಯದು?

ಹೀಗೆ ಒರಸಿದ ಮೇಲೂ ಉಳಿಯುವುದು ಒಂದು ದಿನಕ್ಕೆ ಹೆಚ್ಚೇ ಆಗಿರುವುದು. ಇಲ್ಲಿ ಲಕ್ಕಮ್ಮನ ಅಳತೆಯು ಬೇಕು. ಬೆಳಿಗ್ಗೆ ಪೂಜೆಯು ಮುಗಿದ ಬಳಿಕ, ಮೊಬೈಲನ್ನು ತೆರೆಯುವುದಕ್ಕೆ ಮುಂಚೆ, ಒಂದು ಚೀಟಿಯಲ್ಲಿ ಅಂದಿನ ಕೆಲಸಗಳನ್ನು ಬರೆಯಬೇಕು. ಎಷ್ಟು? ಉದ್ಯೋಗವಿರುವವನಿಗೆ ಉದ್ಯೋಗದ ಹೊರಗೆ ಮೂರು ನಾಲ್ಕಕ್ಕಿಂತ ಹೆಚ್ಚು ಬರೆಯುವುದು ಆತ್ಮವಂಚನೆ. ಹತ್ತನ್ನು ಬರೆದು ನಾಲ್ಕನ್ನು ಮಾಡಿದವನು ಆರರ ಭಾರವನ್ನು ಹಾಸಿಗೆಗೆ ಒಯ್ಯುವನು. ನಾಲ್ಕನ್ನು ಬರೆದು ನಾಲ್ಕನ್ನು ಮುಗಿಸಿದವನು ಹ‍ಗುರವಾಗಿ ಮಲಗುವನು, ಮಾಡಿದ ಕೆಲಸವು ಇಬ್ಬರದೂ ಒಂದೇ ಆಗಿದ್ದರೂ. ಅಂದು ನಿರೀಕ್ಷೆಯಿಲ್ಲದೆ ಐದನೆಯದೊಂದು ಬಂದರೆ ನಾಲ್ಕರಲ್ಲಿ ಒಂದನ್ನು ಖಾತೆಗೆ ಹಿಂದಕ್ಕೆ ಸುರಿಯಬೇಕು, ಚೀಟಿಯನ್ನು ಉದ್ದಮಾಡಬಾರದು. ಹಿಂದಕ್ಕೆ ಸುರಿಯುವಾಗ, ಯಾರು ಕಾದಿರುವರೋ ಅವರಿಗೆ ಒಂದು ಮಾತನ್ನು ತಿಳಿಸುವುದನ್ನು ಮರೆಯಬಾರದು. ಇಂದಾಗದು, ಗುರುವಾರ ಮಾಡುವೆನೆಂದು ಹೇಳಿಸಿಕೊಂಡವನಿಗೆ ಸಿಟ್ಟು ಬಂದರೂ ಸಂಶಯವಿರದು. ವಾರಕ್ಕೊಮ್ಮೆ, ಸೋಮವಾರದ ಸಂಜೆಯಾದರೆ ಒಳಿತು, ಖಾತೆಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿಕೊಳ್ಳಬೇಕು. ಆಗ ಹೆಂಡತಿಯಾಗಲಿ ಗಂಡನಾಗಲಿ ಪಕ್ಕದಲ್ಲಿ ಕುಳಿತರೆ ಇನ್ನೂ ಒಳಿತು. ಒಬ್ಬರ ಪಟ್ಟಿಯಲ್ಲಿ ಬಿಟ್ಟುಹೋದುದು ಇನ್ನೊಬ್ಬರ ನಾಲಗೆಯ ಮೇಲಿರುವುದು ಗೃಹಸ್ಥಾಶ್ರಮದಲ್ಲಿ ಸಾಮಾನ್ಯ.

ತಾಯಿಯು ಕುಸಿದ ದಿನ ಆ ಗೃಹಸ್ಥನು ಕಚೇರಿಗೆ ಹೋಗಲಿಲ್ಲ. ವೈದ್ಯರ ಬಳಿಯಿಂದ ಬಂದು ಆಕೆ ಮಂಚದ ಮೇಲೆ ಒರಗಿದ ಮೇಲೆ ಪ್ರಮಾಣಪತ್ರದ ವಿಚಾರಕ್ಕೆ ಕುಳಿತನು. ಬೆರಳಚ್ಚಿನ ಯಂತ್ರವು ಆಕೆಯ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಐವತ್ತು ವರ್ಷ ಪಾತ್ರೆಯನ್ನು ತಿಕ್ಕಿ ಗೆರೆಗಳೆಲ್ಲ ಸವೆದಿದ್ದುವು. ಆದರೆ ಸರಕಾರವು 2014ರಲ್ಲಿ ಆರಂಭಿಸಿದ ಗಣಕೀಕೃತ ಜೀವನ ಪ್ರಮಾಣದ ವ್ಯವಸ್ಥೆಯಲ್ಲಿ 2021ರಿಂದ ಮುಖವನ್ನು ನೋಡಿ ಗುರುತಿಸುವ ಸೌಕರ್ಯವೂ ಸೇರಿದೆ. ಮೊಮ್ಮಗಳು ಅಜ್ಜಿಯ ಮುಖದೆದುರು ಮೊಬೈಲನ್ನು ಹಿಡಿದಳು. ಅಜ್ಜಿಯು ಕಣ್ಣುಗಳನ್ನು ಮಿಟುಕಿಸಿದಳು. ಕೆಲವೇ ನಿಮಿಷಗಳಲ್ಲಿ ಕಾರ್ಯವು ಮುಗಿಯಿತು. ಆರು ವಾರಗಳ ಕಾಲ ಆ ಬಾಬನ್ನು ಹೊತ್ತು ತಿರುಗಿದುದೂ ಅದೇ ಮೊಬೈಲು.

ಮುಂದಿನ ವರ್ಷದ ನವೆಂಬರ್. ಅಡಿಗೆಮನೆಯ ಗೋಡೆಯ ಪಂಚಾಂಗದಲ್ಲಿ ಮೂರನೆಯ ತಾರೀಖಿನ ಚೌಕದೊಳಗೆ ಮಗಳ ಅಕ್ಷರದಲ್ಲಿ "ಅಜ್ಜಿಯ ಮುಖ" ಎಂದು ಬರೆದಿದ್ದಿತು. ಕ್ರಿಯಾಪದವಿಲ್ಲವಲ್ಲ ಎಂದು ತಂದೆಯು ನಕ್ಕು, ಪೆನ್ಸಿಲಿನಿಂದ "ತೋರಿಸುವುದು" ಎಂದು ಸೇರಿಸಿದನು. ಅಂದು ಬೆಳಿಗ್ಗೆ ಕೆಲಸವು ಮುಗಿದ ಮೇಲೆ ತಾಯಿಯು ಮಗನನ್ನು ಕರೆದಳು.

"ಲಿಂಗರಾಜಪುರದಲ್ಲಿ ನಮ್ಮ ಕಡೆಯ ಮುದುಕಮ್ಮ ಒಬ್ಬಳಿದ್ದಾಳಪ್ಪಾ. ಅವಳಿಗೂ ರೈಲ್ವೆ ಪಿಂಚಣಿಯೇ. ಮಕ್ಕಳು ಹತ್ತಿರದಲ್ಲಿಲ್ಲ. ಹೋದ ವರ್ಷದ ನನ್ನ ಹಾಗೆಯೇ ಆದೀತು."

"ಯಾವತ್ತು ಹೋಗೋಣಮ್ಮಾ?"

"ಇವತ್ತಾದರೆ ಆಗುತ್ತದೆಯೆ?"

ಅಂಗಿಯ ಜೇಬಿನ ಚೀಟಿಯಲ್ಲಿ ಅಂದಿಗೆ ನಾಲ್ಕು ಸಾಲುಗಳಿದ್ದುವು. ಮೂರನೆಯ ಸಾಲಿನಲ್ಲಿ ಹೊಸ ಕಪಾಟಿನ ಬೆಲೆಯನ್ನು ವಿಚಾರಿಸುವುದೆಂದಿದ್ದಿತು. ಎದುರಿಗೆ ತನ್ನದೇ ಹೆಸರು. ಅದನ್ನು ಹೊಡೆದುಹಾಕಿ, ಆ ಮುದುಕಿಯ ಹೆಸರೇನೆಂದು ತಾಯಿಯನ್ನು ಕೇಳಿದನು.